ಕಾಫಿ ಡ್ರಗ್ ಹೌದೋ ಅಲ್ಲವೋ? ಕೆಫೀನ್ ಅವಲಂಬನೆ, ಅಳತೆ, ಕಡಿಮೆ ಮಾಡುವ ಕ್ರಮ

ಮುಂಜಾವು
ಒಂದು ಹೊತ್ತಿನ ಕಾಫಿ ತಪ್ಪಿದರೆ ತಲೆ ಸಿಡಿಯುತ್ತದೆ, ಕೆಲಸಕ್ಕೆ ಮನಸ್ಸು ಕೂರುವುದಿಲ್ಲ ಎನ್ನುವವರು ಎಲ್ಲೆಡೆ ಇದ್ದಾರೆ. ಹಾಗಾದರೆ ಕಾಫಿಯನ್ನೂ ಡ್ರಗ್ ಎಂದೇ ಲೆಕ್ಕ ಹಿಡಿಯಬೇಕೇ? ಕೆಫೀನ್ ಮೆದುಳಿನಲ್ಲಿ ಮಾಡುವುದೇನು, ದಿನಕ್ಕೆ ಎಷ್ಟಾದರೆ ಅವಲಂಬನೆ ಶುರುವಾಗುತ್ತದೆ, ತಲೆನೋವು ಬರಿಸಿಕೊಳ್ಳದೆ ಕಡಿಮೆ ಮಾಡುವುದು ಹೇಗೆ? ವಿಷಯ ಬಲ್ಲವರು ಅಂಕಿಅಂಶ ಸಮೇತ ಬರೆಯಿರಿ. ಯಾರೋ ಎಷ್ಟು ವರ್ಷ ಕುಡಿದರು, ಏನೂ ಆಗಲಿಲ್ಲ ಎಂಬಂಥ ಉದಾಹರಣೆಗಳು ಬೇಡ.

ಅಣುಸೂತ್ರ
ಔಷಧಶಾಸ್ತ್ರದ ಲೆಕ್ಕದಲ್ಲಿ ಅನುಮಾನಕ್ಕೆ ಎಡೆಯೇ ಇಲ್ಲ. ಕೆಫೀನ್ ಡ್ರಗ್. ಕಾಫಿ ಅದನ್ನು ದೇಹಕ್ಕೆ ತಲುಪಿಸುವ ಪಾನೀಯ. 1819ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ಫ್ರೀಡ್‌ಲೀಬ್ ಫರ್ಡಿನಾಂಡ್ ರುಂಗೆ ಕಾಫಿ ಬೀಜದಿಂದ ಇದನ್ನು ಬೇರ್ಪಡಿಸಿದರು. ಅವತ್ತಿನಿಂದ ಇದು ಗುಣ, ಅಳತೆ, ವಿಷಮಟ್ಟ ಎಲ್ಲವೂ ದಾಖಲಾದ ಒಂದು ನಿರ್ದಿಷ್ಟ ರಾಸಾಯನಿಕ.

ಕೆಲಸ ಮಾಡುವ ಬಗೆ ಹೀಗೆ. ಎಚ್ಚರವಿದ್ದಷ್ಟು ಹೊತ್ತೂ ಮೆದುಳಿನಲ್ಲಿ ಅಡೆನೋಸಿನ್ ಎಂಬ ವಸ್ತು ಸೇರುತ್ತಾ ಹೋಗುತ್ತದೆ. ಅದು ನರಕೋಶಗಳ ಮೇಲೆ ಸಂದೇಶ ಹಿಡಿಯುವ ಎ1, ಎ2ಎ ಎಂಬ ರಿಸೆಪ್ಟರ್‌ಗಳಲ್ಲಿ ಕೂತಾಗ ನರಕೋಶಗಳ ಚಟುವಟಿಕೆ ತಗ್ಗಿ ನಿದ್ದೆ ಎಳೆಯುತ್ತದೆ. ಕೆಫೀನಿನ ಆಕಾರ ಅಡೆನೋಸಿನ್‌ಗೆ ಹತ್ತಿರ. ಹಾಗಾಗಿ ಬಸ್ಸಿನ ಸೀಟಿಗೆ ಟವಲ್ ಹಾಕಿದ ಹಾಗೆ ಅದು ಜಾಗ ಹಿಡಿದುಬಿಡುತ್ತದೆ. ತಾನು ಕೆಲಸ ಮಾಡುವುದಿಲ್ಲ, ಬಂದವನಿಗೆ ಕೂರಲೂ ಬಿಡುವುದಿಲ್ಲ. ಅಂದರೆ ಕೆಫೀನ್ ಹೊಸದಾಗಿ ಶಕ್ತಿ ಕೊಡುವುದಿಲ್ಲ, ದಣಿವಿನ ಸಂದೇಶವನ್ನು ತಡೆಹಿಡಿಯುತ್ತದೆ. ಅಡೆನೋಸಿನ್ ಅತ್ತ ಸೇರುತ್ತಲೇ ಇರುತ್ತದೆ. ಕೆಫೀನ್ ಇಳಿದ ಮೇಲೆ ಒಮ್ಮೆಲೇ ಸುಸ್ತು ಬಂದಂತೆ ಅನಿಸುವುದು ಇದೇ ಕಾರಣಕ್ಕೆ.

ದಿನವೂ ಹೀಗೆ ತಡೆದರೆ ಮೆದುಳು ಸುಮ್ಮನಿರುವುದಿಲ್ಲ. ರಿಸೆಪ್ಟರ್‌ಗಳ ಸಂಖ್ಯೆ ಹೆಚ್ಚುತ್ತದೆ, ಅಡೆನೋಸಿನ್‌ಗೆ ಅದರ ಸ್ಪಂದನೆಯೂ ಏರುತ್ತದೆ. ಆಗ ಹಳೆಯ ಅಳತೆಯ ಕಾಫಿ ಮೊದಲಿನಷ್ಟು ಹತ್ತುವುದಿಲ್ಲ. ಅಲ್ಲಿಗೆ ದೇಹ ಒಗ್ಗಿದೆ ಎಂದರ್ಥ. ದಿಢೀರನೆ ನಿಲ್ಲಿಸಿದರೆ ಹೆಚ್ಚಾದ ಆ ರಿಸೆಪ್ಟರ್‌ಗಳ ಮೇಲೆಲ್ಲ ಅಡೆನೋಸಿನ್ ಒಟ್ಟಿಗೆ ಬಂದು ಕೂರುತ್ತದೆ. ಅದರಿಂದ ತೂಕಡಿಕೆ, ಮಂಕು. ಇನ್ನು ತಲೆನೋವು: ಕೆಫೀನ್ ಮೆದುಳಿನ ರಕ್ತನಾಳಗಳನ್ನು ಕುಗ್ಗಿಸುತ್ತದೆ. 250 ಮಿ.ಗ್ರಾಂ ತೆಗೆದುಕೊಂಡರೆ ಮೆದುಳಿನ ರಕ್ತದ ಹರಿವು ಸುಮಾರು ಕಾಲು ಭಾಗದಷ್ಟು ಇಳಿಯುತ್ತದೆ. ನಿಲ್ಲಿಸಿದಾಗ ನಾಳಗಳು ಹಿಗ್ಗಿ ಹರಿವು ಏರುತ್ತದೆ, ತಲೆ ಪಟಪಟ ಬಡಿಯುತ್ತದೆ.

ಕಪ್ಪುಕಾಫಿ
ಅಣುಸೂತ್ರ ಅವರೇ, ವಿವರಣೆ ಚೆನ್ನಾಗಿದೆ, ಆದರೆ ತೀರ್ಮಾನ ಒಪ್ಪಲಾಗದು. ಮೆದುಳಿನ ಮೇಲೆ ಪರಿಣಾಮ ಮಾಡುವುದೆಲ್ಲ ಡ್ರಗ್ ಎಂದರೆ ಆ ಮಾತಿಗೆ ಬೆಲೆಯೇ ಉಳಿಯುವುದಿಲ್ಲ. ಹೆರಾಯಿನ್ ಬಿಡಲಾಗದೆ ಒದ್ದಾಡುವವನ ಪಕ್ಕದಲ್ಲಿ ಬೆಳಗಿನ ಒಂದು ಲೋಟ ಕಾಫಿಯವನನ್ನು ನಿಲ್ಲಿಸುವುದು ಸರಿಯಲ್ಲ. ಕಾಫಿಗಾಗಿ ಮನೆ ಮಾರಿದವರಿಲ್ಲ, ಅದನ್ನು ಎಲ್ಲಿಯೂ ನಿಷೇಧಿತ ಪಟ್ಟಿಗೆ ಸೇರಿಸಿಯೂ ಇಲ್ಲ.

ಶಾಸನಪ್ರಿಯ
ಪಟ್ಟಿಯ ಮಾತು ಬಂತು, ಅಷ್ಟಕ್ಕೆ ಉತ್ತರಿಸುತ್ತೇನೆ. ಮಾದಕವಸ್ತುಗಳ ಕುರಿತ 1961ರ ವಿಶ್ವಸಂಸ್ಥೆಯ ಒಪ್ಪಂದದಲ್ಲಿ ಕೆಫೀನ್ ಇಲ್ಲ. ಮನೋಪ್ರಭಾವಿ ವಸ್ತುಗಳ ಕುರಿತ 1971ರ ಒಪ್ಪಂದದಲ್ಲೂ ಇಲ್ಲ. ಅಲ್ಲಿಗೆ ಕಪ್ಪುಕಾಫಿ ಅವರು ಹೇಳಿದ್ದು ಸರಿ.

ಆದರೆ ಎಲ್ಲಿಯೂ ಇರಲೇ ಇಲ್ಲ ಎಂದಿಲ್ಲ. ಕ್ರೀಡೆಯಲ್ಲಿ ಇತ್ತು. ಮೂತ್ರದಲ್ಲಿ ಮಿಲಿಲೀಟರಿಗೆ 12 ಮೈಕ್ರೋಗ್ರಾಂ ದಾಟಿದರೆ ಡೋಪಿಂಗ್ ಎಂದು ಪರಿಗಣಿಸುತ್ತಿದ್ದರು. 2004ರ ಜನವರಿ 1ರಿಂದ ಅದನ್ನು ನಿಷೇಧಿತ ಪಟ್ಟಿಯಿಂದ ತೆಗೆದು ನಿಗಾ ಪಟ್ಟಿಯಲ್ಲಿ ಇಟ್ಟಿದ್ದಾರೆ.

ಕೋರ್ಟಿಗೂ ಹೋಗಿದೆ. 1909ರಲ್ಲಿ ಅಮೆರಿಕ ಸರ್ಕಾರ ಕೋಕಾ-ಕೋಲಾದ 40 ಪೀಪಾಯಿ, 20 ಕೆಗ್ ಸಿರಪ್ಪನ್ನು ಜಪ್ತಿ ಮಾಡಿತು. ಅದರೊಳಗಿನ ಕೆಫೀನ್ ಆರೋಗ್ಯಕ್ಕೆ ಹಾನಿಕರವಾದ ಕಲಬೆರಕೆ ಎಂಬುದು ಆರೋಪ. 1911ರಲ್ಲಿ ವಿಚಾರಣೆ ನಡೆಯಿತು. ಕಂಪನಿಯ ಪರವಾಗಿ ಮನಶ್ಶಾಸ್ತ್ರಜ್ಞ ಹ್ಯಾರಿ ಹಾಲಿಂಗ್‌ವರ್ತ್ ಕೆಫೀನ್ ಮತ್ತು ಏಕಾಗ್ರತೆಯ ಮೇಲೆ ಪ್ರಯೋಗಗಳನ್ನೇ ಮಾಡಿಕೊಟ್ಟರು. ಯಾರಿಗೆ ಯಾವಾಗ ಕೆಫೀನ್ ಕೊಟ್ಟಿದ್ದಾರೆಂದು ಪರೀಕ್ಷಕರಿಗೂ ಗೊತ್ತಾಗದ ಹಾಗೆ ನಡೆಸಿದ ಆರಂಭದ ಪ್ರಯೋಗಗಳಲ್ಲಿ ಅದೂ ಒಂದು. 1916ರಲ್ಲಿ ಸುಪ್ರೀಂ ಕೋರ್ಟ್ ಅದನ್ನು 'ಸೇರಿಸಿದ ಪದಾರ್ಥ' ಎಂದೇ ಪರಿಗಣಿಸಬೇಕು ಎಂದಿತು. ಕೊನೆಗೆ ರಾಜಿಯಾಗಿ, ಕಂಪನಿ ಕೆಫೀನ್ ಕಡಿಮೆ ಮಾಡಿತು.

ವಾರ್ಡ್‌ಟಿಪ್ಪಣಿ
ಕಾನೂನು ಬಿಡಿ, ರೋಗನಿರ್ಣಯದ ಪುಸ್ತಕ ಏನು ಹೇಳುತ್ತದೆ ಅನ್ನುವುದು ಇಲ್ಲಿ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಅಮೆರಿಕದ ಮನೋವೈದ್ಯರ ಸಂಘದ ಡಿಎಸ್‌ಎಂ-5 (2013) ಮುಖ್ಯವಾಗಿ ಎರಡನ್ನು ಅಧಿಕೃತವಾಗಿ ಒಪ್ಪಿದೆ. ಒಂದು, ಅತಿಯಾಗಿ ಕುಡಿದಾಗಿನ ಕೆಫೀನ್ ನಂಜು. ಎರಡು, ಬಿಟ್ಟಾಗಿನ ಕೆಫೀನ್ ವಿತ್‌ಡ್ರಾವಲ್. 'ಕೆಫೀನ್ ಬಳಕೆಯ ಕಾಯಿಲೆ' ಎಂಬ ಮೂರನೆಯದನ್ನು ಮಾತ್ರ ಇನ್ನೂ ಅಧ್ಯಯನ ಬೇಕು ಎಂಬ ಭಾಗದಲ್ಲಿ ಇಟ್ಟಿದೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿ ಐಸಿಡಿ-11 ಕೂಡ ನಂಜು, ವಿತ್‌ಡ್ರಾವಲ್, ಹಾನಿಕರ ಬಳಕೆ ಇವುಗಳನ್ನು ಒಪ್ಪುತ್ತದೆ, ಕೆಫೀನಿಗೆ ಅವಲಂಬನೆಯ ರೋಗನಿರ್ಣಯ ಕೊಟ್ಟಿಲ್ಲ.

ಹೀಗೇಕೆ ಎಳೆ ಬಿಡಿಸಿ ನೋಡಬೇಕು ಅಂದರೆ, ದೇಹ ಒಗ್ಗುವುದು ಬೇರೆ, ಚಟ ಬೇರೆ. ನಿಲ್ಲಿಸಿದರೆ ತಲೆನೋವು ಬರುತ್ತದೆ ಎಂದ ಮಾತ್ರಕ್ಕೆ ಚಟ ಅಂಟಿದೆ ಎಂದಲ್ಲ. ಕೆಲವು ಬಿಪಿ ಮಾತ್ರೆಗಳನ್ನು ದಿಢೀರನೆ ನಿಲ್ಲಿಸಿದರೂ ದೇಹ ತಿರುಗಿಬೀಳುತ್ತದೆ, ಅದನ್ನು ಯಾರೂ ಚಟ ಎನ್ನುವುದಿಲ್ಲ. ಡಿಎಸ್‌ಎಂ-5 ಪ್ರಸ್ತಾಪಿಸಿದ ಕಾಯಿಲೆಗೆ ಮೂರು ಲಕ್ಷಣಗಳು ಒಟ್ಟಿಗೆ ಬೇಕು: ಕಡಿಮೆ ಮಾಡಬೇಕೆಂದು ಹೊರಟು ಮತ್ತೆಮತ್ತೆ ಸೋಲುವುದು, ಹಾನಿಯಾಗುತ್ತಿದೆ ಎಂದು ಗೊತ್ತಿದ್ದೂ ಮುಂದುವರಿಸುವುದು, ಮತ್ತು ವಿತ್‌ಡ್ರಾವಲ್. ಎದೆ ಡವಗುಟ್ಟುವ ತೊಂದರೆ ಇರುವವರಿಗೆ ವೈದ್ಯರು ಬೇಡ ಎಂದಿದ್ದರೂ ದಿನಕ್ಕೆ ಆರು ಲೋಟ ಬಿಡಲಾಗದಿದ್ದರೆ ಅದು ಚಿಂತಿಸಬೇಕಾದ ಸ್ಥಿತಿ. ಬೆಳಗ್ಗೆ ಒಂದು ಲೋಟ ಇಲ್ಲದೆ ಮಂಕಾಗುವುದು ಬರೀ ಒಗ್ಗಿಕೊಂಡ ದೇಹ.

ಎಷ್ಟಾದರೆ ಅವಲಂಬನೆ ಎಂದು ಮುಂಜಾವು ಅವರು ಕೇಳಿದ್ದರು. ದಿನಕ್ಕೆ 100 ಮಿ.ಗ್ರಾಂ ಸಾಕು, ಅಂದರೆ ಒಂದು ಹದವಾದ ಲೋಟ. ಕೊನೆಯ ಗುಟುಕಿನಿಂದ 12ರಿಂದ 24 ಗಂಟೆಯೊಳಗೆ ತೊಂದರೆ ಶುರು, 20ರಿಂದ 51 ಗಂಟೆಯ ನಡುವೆ ಅದರ ಶಿಖರ, ಒಟ್ಟು 2ರಿಂದ 9 ದಿನ. ತಲೆನೋವು ಸುಮಾರು ಅರ್ಧದಷ್ಟು ಜನರಿಗೆ ಬರುತ್ತದೆ. ಉಳಿದ ಲಕ್ಷಣಗಳು: ಸುಸ್ತು, ಸಿಡುಕು ಅಥವಾ ಮಂಕು, ಗಮನ ನಿಲ್ಲದಿರುವುದು, ಜ್ವರ ಬರುವ ಮುನ್ನದ ಮೈಕೈ ನೋವು, ಓಕರಿಕೆ. ಎರಡನೇ ದಿನ ಹೆಚ್ಚಾಗುತ್ತದೆ ಎಂಬುದು ಗೊತ್ತಿಲ್ಲದೆ ಬಹಳ ಜನ ಅವತ್ತೇ ಸೋಲುತ್ತಾರೆ. ಮೊದಲ ದಿನ ಆರಾಮಾಗಿ ಕಳೆಯಿತು, ನಾಳೆಯೂ ಹೀಗೇ ಅಂದುಕೊಂಡಿರುತ್ತಾರೆ.

ಅಣುಸೂತ್ರ
ಕಪ್ಪುಕಾಫಿ ಅವರ ಹೆರಾಯಿನ್ ಮಾತಿಗೆ ಒಂದು ಪೂರಕ. ಕೆಫೀನ್ ತನಗೆ ತಾನೇ ಮಿತಿ ಹಾಕುವ ಡ್ರಗ್. ಕಡಿಮೆ ಅಳತೆಯಲ್ಲಿ ಹಿತ, ಅಳತೆ ಏರಿದಂತೆ ನಡುಕ, ಕಳವಳ, ಹೊಟ್ಟೆ ತೊಳಸುವುದು. ಹಾಗಾಗಿ ಸಾಮಾನ್ಯರು ಅಳತೆ ಏರಿಸುತ್ತಲೇ ಹೋಗುವುದಿಲ್ಲ, ಒಂದು ಮಟ್ಟಕ್ಕೆ ಬಂದು ನಿಲ್ಲುತ್ತಾರೆ. ಆಂಫೆಟಮಿನ್ ಅಥವಾ ಕೊಕೇನ್ ಮೆದುಳಿಗೆ ಹಿತ ಕೊಡುವ ಡೋಪಮಿನ್ ಎಂಬ ರಾಸಾಯನಿಕವನ್ನು ನೇರವಾಗಿ ಉಕ್ಕಿಸುತ್ತವೆ. ಕೆಫೀನ್ ಎ2ಎ ರಿಸೆಪ್ಟರ್ ಮೂಲಕ ಡೋಪಮಿನ್ನಿನ ಕೆಲಸಕ್ಕೆ ಅಡ್ಡಿಯನ್ನು ತೆಗೆಯುತ್ತದೆ, ಅಷ್ಟೇ. ಪರಿಣಾಮದ ತೂಕದಲ್ಲಿ ಎರಡೂ ಒಂದೇ ಅಲ್ಲ.

ಇನ್ನೊಂದು ಮುಖವೂ ಇದೆ. ಅವಧಿಗೆ ಮೊದಲೇ ಹುಟ್ಟಿದ ಶಿಶುಗಳ ಉಸಿರಾಟ ಆಗಾಗ ನಿಂತುಹೋಗುತ್ತದೆ. ಅದಕ್ಕೆ ಕೊಡುವ ಔಷಧ ಕೆಫೀನ್ ಸಿಟ್ರೇಟ್. ಮೊದಲ ಡೋಸ್ ಕೆ.ಜಿ. ತೂಕಕ್ಕೆ 20 ಮಿ.ಗ್ರಾಂ, ಆಮೇಲೆ ದಿನಕ್ಕೆ 5ರಿಂದ 10 ಮಿ.ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಯಲ್ಲೇ ಅದಿದೆ. ತೂಕ ನೋಡಿ ಡೋಸ್ ಲೆಕ್ಕ ಹಾಕಿ ಕೊಡುವ ವಸ್ತುವನ್ನು ಡ್ರಗ್ ಅಲ್ಲ ಎನ್ನುವುದು ಹೇಗೆ?

ಮುಂಜಾವು
ಇಷ್ಟು ಸ್ಪಷ್ಟವಾಯಿತು, ಧನ್ಯವಾದ. ಈಗ ಅಳತೆಗೆ ಬನ್ನಿ. '100 ಮಿ.ಗ್ರಾಂ ಅಂದರೆ ಒಂದು ಲೋಟ' ಎನ್ನುತ್ತಾರೆ. ಲೋಟಗಳೆಲ್ಲ ಒಂದೇ ಗಾತ್ರ ಇರುವುದಿಲ್ಲವಲ್ಲ?

ತಕ್ಕಡಿ
ಲೋಟ ಎಣಿಸುವುದನ್ನು ಬಿಡಿ, ಪುಡಿ ತೂಗಿ. 0.1 ಗ್ರಾಂ ತೋರಿಸುವ ಸಣ್ಣ ತಕ್ಕಡಿ ಇದ್ದರೆ ಮುಗಿಯಿತು.

ಅರೇಬಿಕಾ ಬೀಜದಲ್ಲಿ ತೂಕದ ಸುಮಾರು 1.2 ಶೇಕಡಾ ಕೆಫೀನ್ ಇರುತ್ತದೆ, ಅಂದರೆ ಗ್ರಾಂಗೆ 12 ಮಿ.ಗ್ರಾಂ. ರೊಬಸ್ಟಾದಲ್ಲಿ ಸುಮಾರು 2.2 ಶೇಕಡಾ, ಅಂದರೆ ಗ್ರಾಂಗೆ 22. ಬಿಸಿನೀರು ಪುಡಿಯ ಮೂಲಕ ನಿಧಾನವಾಗಿ ಹರಿದರೆ ಅದರಲ್ಲಿ ಹತ್ತಿರಹತ್ತಿರ 80ರಿಂದ 90 ಶೇಕಡಾ ಲೋಟಕ್ಕೆ ಇಳಿಯುತ್ತದೆ. 10 ಗ್ರಾಂ ಅರೇಬಿಕಾ ಪುಡಿಗೆ 100 ಮಿ.ಗ್ರಾಂ ಆಸುಪಾಸು. ಅದೇ 10 ಗ್ರಾಂ ರೊಬಸ್ಟಾ ಆದರೆ 180ರ ಹತ್ತಿರ. ಲೋಟ ಅದೇ, ಬಣ್ಣ ಅದೇ, ಕೆಫೀನ್ ಹೆಚ್ಚುಕಡಿಮೆ ಎರಡರಷ್ಟು. ಪುಡಿ ಬದಲಾಯಿಸಿದ ವಾರ ನಿದ್ದೆ ಕೆಟ್ಟರೆ ಮೊದಲು ನೋಡಬೇಕಾದದ್ದು ಪೊಟ್ಟಣದ ಮೇಲಿನ ಮಿಶ್ರಣದ ಪ್ರಮಾಣ.

ಇನ್‌ಸ್ಟಂಟ್ ಪುಡಿಯಲ್ಲಿ ತೂಕದ ಸುಮಾರು 3 ಶೇಕಡಾ ಇರುತ್ತದೆ, ಎಲ್ಲವೂ ಕರಗುತ್ತದೆ. 2 ಗ್ರಾಂ ಚಮಚಕ್ಕೆ 60 ಮಿ.ಗ್ರಾಂ. ಚಮಚ ತುಂಬಿ ತುಳುಕಿದರೆ 3 ಗ್ರಾಂ ದಾಟುತ್ತದೆ, ಆಗ 90. 'ಒಂದೇ ಚಮಚ' ಎಂದು ಬರೆದುಕೊಂಡ ಲೆಕ್ಕ ತಪ್ಪುವುದು ಇಲ್ಲೇ.

30 ಮಿ.ಲೀ. ಎಸ್ಪ್ರೆಸೊ 60ರಿಂದ 65. ಗುಟುಕು ಹೆಚ್ಚು ಖಡಕ್, ಒಟ್ಟು ಕೆಫೀನ್ ದೊಡ್ಡ ಲೋಟಕ್ಕಿಂತ ಕಡಿಮೆ. ಚಹಾ ಎಲೆಯಲ್ಲಿ ತೂಕದ ಲೆಕ್ಕದಲ್ಲಿ ಕಾಫಿ ಬೀಜಕ್ಕಿಂತ ಹೆಚ್ಚು ಕೆಫೀನ್ ಇರುತ್ತದೆ, ಆದರೆ ಒಂದು ಕಪ್ಪಿಗೆ 2 ಗ್ರಾಂ ಎಲೆಯಷ್ಟೇ ಹಾಕುವುದರಿಂದ 30ರಿಂದ 50 ಬರುತ್ತದೆ. ಎಲೆಯನ್ನು ಬಹಳ ಹೊತ್ತು ಕುದಿಸಿದರೆ ಇನ್ನೂ ಮೇಲೆ ಹೋಗುತ್ತದೆ. ಕೋಲಾ 330 ಮಿ.ಲೀ.ಗೆ 30ರಿಂದ 35. ಎನರ್ಜಿ ಡ್ರಿಂಕ್ 250 ಮಿ.ಲೀ.ಗೆ 80 ಸಾಮಾನ್ಯ, ಆದರೆ 500 ಮಿ.ಲೀ. ಡಬ್ಬಿ ಬಂದರೆ ಅದರ ದುಪ್ಪಟ್ಟು. ಪದಾರ್ಥಗಳ ಪಟ್ಟಿಯಲ್ಲಿ 'ಗೌರಾನಾ' ಎಂದಿದ್ದರೆ ಅದೂ ಕೆಫೀನೇ. ಡಿಕ್ಯಾಫ್, ಅಂದರೆ ಕೆಫೀನ್ ತೆಗೆದ ಕಾಫಿ, ಸೊನ್ನೆ ಅಲ್ಲ, ಲೋಟಕ್ಕೆ 2ರಿಂದ 15.

ಹುರಿಯುವುದರ ಬಗ್ಗೆ ತಪ್ಪು ತಿಳಿವಳಿಕೆ ಹೆಚ್ಚು. ಕಪ್ಪಗೆ ಹುರಿದದ್ದು ಖಡಕ್ ಎಂಬುದು ರುಚಿಯ ಮಾತು. ಕೆಫೀನ್ ಹುರಿಯುವಾಗ ಬಹುಮಟ್ಟಿಗೆ ಹಾಗೇ ಉಳಿಯುತ್ತದೆ. ಬೀಜ ತೂಕ ಕಳೆದುಕೊಂಡು ಊದಿಕೊಳ್ಳುತ್ತದೆ. ಹಾಗಾಗಿ ಚಮಚದಲ್ಲಿ ಅಳೆದರೆ ಕಪ್ಪಗೆ ಹುರಿದದ್ದರಲ್ಲಿ ತುಸು ಕಡಿಮೆ, ತೂಗಿದರೆ ತುಸು ಹೆಚ್ಚು. ತಣ್ಣೀರಲ್ಲಿ ನೆನೆಹಾಕಿದ ಕಾಫಿಯೂ ಹಗುರವಲ್ಲ. ತಣ್ಣೀರಲ್ಲಿ ಕೆಫೀನ್ ನಿಧಾನವಾಗಿ ಕರಗುತ್ತದೆ ನಿಜ, ಆದರೆ 12ರಿಂದ 24 ಗಂಟೆ ನೆನೆಸುತ್ತಾರೆ, ಪುಡಿಯನ್ನೂ ದಂಡಿಯಾಗಿ ಹಾಕುತ್ತಾರೆ. ಕಹಿ ಕಡಿಮೆ ಇರುವುದರಿಂದ ಗೊತ್ತಾಗದೆ ಜಾಸ್ತಿ ಒಳಗೆ ಹೋಗುತ್ತದೆ. ಹಾಲು ಬೆರೆಸಿದರೆ ಕೆಫೀನ್ ಕಡಿಮೆಯಾಗುವುದಿಲ್ಲ, ಕಾಫಿಯ ಪಾಲು ಕಡಿಮೆಯಾದರೆ ಮಾತ್ರ ಆಗುತ್ತದೆ.

ನಿದ್ರಾಗಣಿತ
ಅಳತೆಯಷ್ಟೇ ಹೊತ್ತೂ ಮುಖ್ಯ. ಆರೋಗ್ಯವಂತ ವಯಸ್ಕರಲ್ಲಿ ಕೆಫೀನಿನ ಅರ್ಧಾಯು (ದೇಹದಲ್ಲಿನ ಪ್ರಮಾಣ ಅರ್ಧಕ್ಕೆ ಇಳಿಯುವ ಹೊತ್ತು) ಸುಮಾರು 5 ಗಂಟೆ, ವ್ಯಕ್ತಿಯಿಂದ ವ್ಯಕ್ತಿಗೆ 3ರಿಂದ 7. ಸಂಜೆ 4ಕ್ಕೆ 200 ಮಿ.ಗ್ರಾಂ ಕುಡಿದರೆ ರಾತ್ರಿ 9ಕ್ಕೆ 100, ನಡುರಾತ್ರಿ 2ಕ್ಕೆ 50. ಅಂದರೆ ನಿದ್ದೆಯ ಮಧ್ಯದಲ್ಲಿ ಒಂದು ಕಪ್ ಚಹಾದಷ್ಟು ರಕ್ತದಲ್ಲಿ ಇರುತ್ತದೆ. 2013ರ ಒಂದು ಪ್ರಯೋಗದಲ್ಲಿ ಮಲಗುವ 6 ಗಂಟೆ ಮೊದಲು 400 ಮಿ.ಗ್ರಾಂ ಕೊಟ್ಟಾಗಲೂ ನಿದ್ದೆ ಒಂದು ಗಂಟೆಗೂ ಹೆಚ್ಚು ಕಡಿಮೆಯಾಯಿತು. 'ಕುಡಿದರೂ ನಿದ್ದೆ ಬರುತ್ತದೆ' ಎನ್ನುವವರಿಗೆ ಬರುವುದು ನಿಜ, ಆದರೆ ಗಾಢನಿದ್ದೆಯ ಪಾಲು ಕುಗ್ಗುತ್ತದೆ. ಮರುದಿನದ ದಣಿವಿಗೆ ಇನ್ನೊಂದು ಲೋಟ ಬೇಕಾಗುತ್ತದೆ. ಅವಲಂಬನೆಯನ್ನು ಗಟ್ಟಿಮಾಡುವ ಸುತ್ತು ಇದೇ.

ಇದನ್ನು ಒಡೆಯುವುದು ಪಿತ್ತಜನಕಾಂಗದ ಸಿವೈಪಿ1ಎ2 ಎಂಬ ಕಿಣ್ವ. ಧೂಮಪಾನ ಅದನ್ನು ಚುರುಕುಗೊಳಿಸುತ್ತದೆ, ಅರ್ಧಾಯು ಸುಮಾರು ಅರ್ಧಕ್ಕೆ ಇಳಿಯುತ್ತದೆ. ಗರ್ಭನಿರೋಧಕ ಮಾತ್ರೆ ಅರ್ಧಾಯುವನ್ನು ಹತ್ತಿರಹತ್ತಿರ ಎರಡರಷ್ಟು ಮಾಡುತ್ತದೆ. ಗರ್ಭಾವಸ್ಥೆಯ ಕೊನೆಯ ತಿಂಗಳುಗಳಲ್ಲಿ ಮೂರರಷ್ಟೂ ಆಗಬಹುದು. ಇಬ್ಬರು ಒಂದೇ ಅಳತೆ ಕುಡಿದು ಒಬ್ಬರು ಗೊರಕೆ ಹೊಡೆದು ಇನ್ನೊಬ್ಬರು ಬೆಳಗಿನವರೆಗೆ ಹೊರಳಾಡುವುದು ಮನೋಬಲದ ವಿಷಯವಲ್ಲ, ಕಿಣ್ವದ್ದು.

ಸೂರ್ಯೋದಯ
ಎದ್ದು 90 ನಿಮಿಷ ಆಗುವವರೆಗೆ ಕಾಫಿ ಕುಡಿಯಬಾರದು, ಬೆಳಗ್ಗೆ ಏರುವ ಕಾರ್ಟಿಸಾಲ್ ಎಂಬ ಹಾರ್ಮೋನ್ ಇಳಿದ ಮೇಲೆ ಕುಡಿದರೆ ಮಧ್ಯಾಹ್ನದ ಸುಸ್ತು ಬರುವುದಿಲ್ಲ ಎಂದು ಎಲ್ಲೆಡೆ ಹೇಳುತ್ತಿದ್ದಾರೆ. ಇದನ್ನೂ ಸೇರಿಸಿಕೊಳ್ಳಿ.

ನಿದ್ರಾಗಣಿತ
ಸೂರ್ಯೋದಯ ಅವರೇ, ಇದಕ್ಕೆ ಗಟ್ಟಿ ಆಧಾರ ಇಲ್ಲ. ಕಾರ್ಟಿಸಾಲ್ ಎದ್ದ ಮೇಲಿನ ಅರ್ಧ-ಮುಕ್ಕಾಲು ಗಂಟೆಯಲ್ಲಿ ಶಿಖರಕ್ಕೇರಿ ಆಮೇಲೆ ಇಳಿಯುತ್ತದೆ, ಸರಿ. ಆದರೆ ದಿನವೂ ಕುಡಿಯುವವರಲ್ಲಿ ಬೆಳಗಿನ ಕೆಫೀನ್ ಕಾರ್ಟಿಸಾಲನ್ನು ಏರಿಸುವುದೇ ಬಹಳ ಕಡಿಮೆ, ದೇಹ ಅದಕ್ಕೂ ಒಗ್ಗಿರುತ್ತದೆ. ಮಧ್ಯಾಹ್ನದ ತೂಕಡಿಕೆಗೆ ದೇಹದ ಗಡಿಯಾರವೇ ಕಾರಣ, ಕಾಫಿ ಮುಟ್ಟದವರಿಗೂ ಅದು ಬರುತ್ತದೆ. ತಡವಾಗಿ ಕುಡಿಯುವುದರಿಂದ ನಷ್ಟವೇನಿಲ್ಲ, ಆದರೆ ಮೊದಲ ಲೋಟ ಮುಂದಕ್ಕೆ ಹೋದಂತೆ ಕೊನೆಯ ಲೋಟವೂ ಸಂಜೆಗೆ ಜಾರುತ್ತದೆ. ಆ ನಷ್ಟ ಖಂಡಿತ.

ತಕ್ಕಡಿ
ಕಡಿಮೆ ಮಾಡುವ ಕ್ರಮಕ್ಕೆ ಬರೋಣ. ದಿನಕ್ಕೆ 10 ಗ್ರಾಂನಂತೆ 4 ಲೋಟ, ಒಟ್ಟು 400 ಮಿ.ಗ್ರಾಂ ಎಂದು ಇಟ್ಟುಕೊಳ್ಳಿ.

ಮೊದಲ ವಾರ ಏನನ್ನೂ ಬದಲಾಯಿಸಬೇಡಿ, ಬರೆದಿಡಿ. ಹೊತ್ತು, ಪುಡಿಯ ತೂಕ, ಚಹಾ, ಕೋಲಾ, ಚಾಕೊಲೇಟ್, ನೋವಿನ ಮಾತ್ರೆ, ಎಲ್ಲ. ಈ ವಾರ ಬಿಟ್ಟವರು ಆಮೇಲೆ ಎಷ್ಟರಿಂದ ಇಳಿಯುತ್ತಿದ್ದೇವೆ ಎಂಬುದೇ ತಿಳಿಯದೆ ಎಡವುತ್ತಾರೆ.

ಆಮೇಲೆ 4 ದಿನಕ್ಕೊಮ್ಮೆ 50 ಮಿ.ಗ್ರಾಂ ಇಳಿಸಿ. 350, 300, 250, 200, 150, 100. ಕೈ ಹಾಕಬೇಕಾದ್ದು ದಿನದ ಕೊನೆಯ ಲೋಟಕ್ಕೆ ಮೊದಲು, ಬೆಳಗಿನದ್ದಕ್ಕೆ ಕೊನೆಗೆ. ಮೊದಲ ಮೆಟ್ಟಿಲಲ್ಲಿ ಕೊನೆಯ ಲೋಟಕ್ಕೆ 5 ಗ್ರಾಂ ಮಾಮೂಲಿ ಪುಡಿ, 5 ಗ್ರಾಂ ಡಿಕ್ಯಾಫ್. ಎರಡನೆಯದರಲ್ಲಿ ಆ ಲೋಟ ಪೂರ್ತಿ ಡಿಕ್ಯಾಫ್. ಮೂರನೆಯದರಲ್ಲಿ ಅದರ ಹಿಂದಿನ ಲೋಟಕ್ಕೆ ಕೈ. ಹೀಗೆ ಮಾಡಿದರೆ ಲೋಟ, ಬಿಸಿ, ರುಚಿ, ಕೂರುವ ಹೊತ್ತು ಯಾವುದೂ ತಪ್ಪುವುದಿಲ್ಲ, ಕೆಫೀನ್ ಮಾತ್ರ ಇಳಿಯುತ್ತದೆ. ಅಭ್ಯಾಸವನ್ನೂ ರಾಸಾಯನಿಕವನ್ನೂ ಒಂದೇ ದಿನ ಕೀಳಲು ಹೊರಟವರಿಗೆ ಕಷ್ಟ ಇಮ್ಮಡಿ.

100ಕ್ಕೆ ಬಂದ ಮೇಲೆ ಹೆಜ್ಜೆ ಚಿಕ್ಕದಾಗಬೇಕು. 400ರಿಂದ 350 ಎಂದರೆ ಎಂಟನೇ ಒಂದು ಭಾಗ. 100ರಿಂದ 50 ಎಂದರೆ ಅರ್ಧ. ಆದ್ದರಿಂದ 75, 50, 25. ತೂಕದಲ್ಲಿ 7.5 ಗ್ರಾಂ ಮಾಮೂಲಿ, 2.5 ಡಿಕ್ಯಾಫ್; ಆಮೇಲೆ 5-5; ಆಮೇಲೆ 2.5-7.5. ಒಂದೊಂದಕ್ಕೂ 4 ದಿನ. ಒಟ್ಟು 36 ದಿನ. ಬಿಡುವ ಉದ್ದೇಶ ಇಲ್ಲದವರು 100 ಅಥವಾ 200ರಲ್ಲಿ ನಿಂತರೂ ಸರಿ.

ಮಧ್ಯೆ ತಲೆನೋವು ತಡೆಯಲಾಗದಿದ್ದರೆ ಅರ್ಧ ಕಪ್ ಚಹಾ, ಅಂದರೆ 20-25 ಮಿ.ಗ್ರಾಂ. ಅರ್ಧದಿಂದ ಒಂದು ಗಂಟೆ ಕಾಯಿರಿ. ಇಳಿದರೆ ಅದೇ ಮೆಟ್ಟಿಲಲ್ಲಿ ಇನ್ನೂ 4 ದಿನ ಇರಿ. ಹಳೆಯ ಅಳತೆಗೆ ಮರಳಬೇಡಿ.

ವಾರ್ಡ್‌ಟಿಪ್ಪಣಿ
ತಕ್ಕಡಿ ಅವರ ಕ್ರಮಕ್ಕೆ ಕೈಕೊಡುವ ಜಾಗಗಳನ್ನು ಸೇರಿಸುತ್ತೇನೆ.

ತಲೆನೋವಿಗೆ ನುಂಗುವ ಮಾತ್ರೆಯಲ್ಲೇ ಕೆಫೀನ್ ಇರುವುದು ಸಾಮಾನ್ಯ, ಮಾತ್ರೆಗೆ 65 ಮಿ.ಗ್ರಾಂವರೆಗೂ. ಎರಡು ನುಂಗಿದರೆ ಒಂದು ಲೋಟಕ್ಕಿಂತ ಹೆಚ್ಚು. ನೋವು ಮಾಯವಾಗುತ್ತದೆ, ಇಳಿಸಿದ್ದೆಲ್ಲ ವ್ಯರ್ಥವಾಗುತ್ತದೆ. ಬೇಕಾದರೆ ಬರೀ ಪ್ಯಾರಸಿಟಮಾಲ್ ಇರುವುದನ್ನು, ಪಟ್ಟಿಯ ಹಿಂಬದಿ ಓದಿ ತೆಗೆದುಕೊಳ್ಳಿ. ಕೆಫೀನ್ ಬೆರೆತ ನೋವಿನ ಮಾತ್ರೆಯನ್ನು ತಿಂಗಳಿಗೆ 10 ದಿನ ಅಥವಾ ಹೆಚ್ಚು, ಮೂರು ತಿಂಗಳು ಮೀರಿ ನುಂಗಿದರೆ ಮಾತ್ರೆಯಿಂದಲೇ ತಲೆನೋವು ಅಂಟಿಕೊಳ್ಳುತ್ತದೆ.

ರಜೆಯ ದಿನ ಮಾತ್ರ ಬರುವ ತಲೆನೋವಿಗೆ ಬಹಳ ಸಲ ಕಾರಣ ತಡವಾಗಿ ಎದ್ದು ಮೊದಲ ಲೋಟ ಮೂರು ಗಂಟೆ ಮುಂದಕ್ಕೆ ಹೋದದ್ದು. ತಲೆನೋವಿನ ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ ಗುರುತಿಸುವ ಲಕ್ಷಣವೂ ಕೊಟ್ಟಿದೆ: ಎರಡು ವಾರಕ್ಕೂ ಹೆಚ್ಚು ದಿನಕ್ಕೆ 200 ಮಿ.ಗ್ರಾಂ ಮೀರಿ ಕುಡಿದವರಿಗೆ, ನಿಲ್ಲಿಸಿದ 24 ಗಂಟೆಯೊಳಗೆ ಬಂದು, 100 ಮಿ.ಗ್ರಾಂ ಕುಡಿದ ಒಂದು ಗಂಟೆಯಲ್ಲಿ ಹೋಗುವುದು, ಇಲ್ಲವೇ 7 ದಿನದಲ್ಲಿ ತಾನೇ ಮಾಯವಾಗುವುದು. ಅದಕ್ಕೂ ಮೀರಿ ಉಳಿದರೆ ಅಥವಾ ಹಠಾತ್ತನೆ ಹಿಂದೆಂದೂ ಕಾಣದ ನೋವು ಬಂದರೆ ಕಾಫಿಯ ಮೇಲೆ ಹಾಕಿ ಕೂರಬೇಡಿ, ವೈದ್ಯರನ್ನು ಕಾಣಿ. ಮಲಬದ್ಧತೆಯೂ ಕಾಣಿಸಿಕೊಳ್ಳಬಹುದು, ಕೆಲವರಿಗೆ ಕರುಳನ್ನು ಎಬ್ಬಿಸುತ್ತಿದ್ದುದೇ ಬೆಳಗಿನ ಕಾಫಿ.

ಈಗ ಔಷಧ ತೆಗೆದುಕೊಳ್ಳುತ್ತಿರುವವರು ದಯವಿಟ್ಟು ಗಮನವಿಟ್ಟು ಓದಿ. ಲಿಥಿಯಂ ಮಾತ್ರೆಯವರು ಕಾಫಿಯನ್ನು ಒಮ್ಮೆಲೇ ಬಿಡಬಾರದು. ಕೆಫೀನ್ ಲಿಥಿಯಂ ಅನ್ನು ಮೂತ್ರದಲ್ಲಿ ಹೊರಹಾಕಿಸುತ್ತಿರುತ್ತದೆ, ಬಿಟ್ಟೊಡನೆ ರಕ್ತದಲ್ಲಿ ಅದರ ಮಟ್ಟ ಏರುತ್ತದೆ, ಅದು ಅಪಾಯ. ಕ್ಲೊಜಪೀನ್ ತೆಗೆದುಕೊಳ್ಳುವವರಲ್ಲಿ ಕಾಫಿ ಹೆಚ್ಚಾದರೆ ಔಷಧದ ಮಟ್ಟ ಏರುತ್ತದೆ, ಎರಡೂ ಒಂದೇ ಕಿಣ್ವಕ್ಕೆ ಕಾಯುತ್ತವೆ. ಫ್ಲೂವಾಕ್ಸಮಿನ್, ಸಿಪ್ರೋಫ್ಲಾಕ್ಸಾಸಿನ್ ಆ ಕಿಣ್ವವನ್ನು ತಡೆಯುವುದರಿಂದ ಮಾಮೂಲಿ ಲೋಟವೇ ಎದೆ ಹೊಡೆದುಕೊಳ್ಳುವಷ್ಟು ಆಗಬಹುದು. ಸಿಗರೇಟು ಬಿಡುವವರಿಗೂ ಇದೇ ಲೆಕ್ಕ. ಕಿಣ್ವ ನಿಧಾನವಾಗುತ್ತದೆ, ಅದೇ ಕಾಫಿ ಎರಡರಷ್ಟು ಹೊತ್ತು ಉಳಿಯುತ್ತದೆ. ಅದರ ನಡುಕ, ನಿದ್ರಾಹೀನತೆಯನ್ನು ಸಿಗರೇಟಿನ ವಿತ್‌ಡ್ರಾವಲ್ ಎಂದುಕೊಂಡು ಮತ್ತೆ ಸೇದುವವರಿದ್ದಾರೆ. ಸಿಗರೇಟು ಬಿಡುವ ದಿನವೇ ಕಾಫಿಯನ್ನು ಅರ್ಧಕ್ಕೆ ಇಳಿಸಿ. ಥೈರಾಯ್ಡ್ ಮಾತ್ರೆ ನುಂಗಿದ ಮೇಲೆ ಕಾಫಿಗೆ ಅರ್ಧದಿಂದ ಒಂದು ಗಂಟೆ ಬಿಡುವು ಕೊಡಿ, ಇಲ್ಲವಾದರೆ ಔಷಧ ಸರಿಯಾಗಿ ಹೀರಿಕೊಳ್ಳುವುದಿಲ್ಲ.

ಕಪ್ಪುಕಾಫಿ
ಒಗ್ಗುವುದಕ್ಕೂ ಚಟಕ್ಕೂ ವ್ಯತ್ಯಾಸ ಹೇಳಿದ್ದು ಸರಿ ಅನಿಸಿತು, ಡ್ರಗ್ ಎಂಬುದನ್ನು ಆ ಅರ್ಥದಲ್ಲಿ ಒಪ್ಪುತ್ತೇನೆ. ಆದರೂ ಎಲ್ಲರೂ ಬಿಡುವ ದಾರಿಯನ್ನೇ ಹೇಳುತ್ತಿದ್ದೀರಿ. ದಿನಕ್ಕೆ 3-4 ಲೋಟ ಕುಡಿಯುವವರಲ್ಲಿ ಸಾವಿನ ಅಪಾಯ ಕಡಿಮೆ ಎಂದು 2017ರ ದೊಡ್ಡ ವಿಮರ್ಶೆಯೇ ಹೇಳಿದೆ. ಪಾರ್ಕಿನ್ಸನ್, ಎರಡನೇ ಬಗೆಯ ಸಕ್ಕರೆ ಕಾಯಿಲೆಯೂ ಕಡಿಮೆ. ಬಿಡುವುದೇಕೆ?

ಅಣುಸೂತ್ರ
ಬಿಡಲೇಬೇಕೆಂದು ಯಾರೂ ಹೇಳಲಿಲ್ಲ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2015ರಲ್ಲಿ ಇಟ್ಟ ಗೆರೆ ಇದು: ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 400 ಮಿ.ಗ್ರಾಂ, ಒಂದೇ ಸಲಕ್ಕೆ 200. ಗರ್ಭಿಣಿಯರಿಗೆ ದಿನವಿಡೀ 200. ಆ ಗೆರೆಯೊಳಗೆ ಇದ್ದು, ನಿದ್ದೆ ಚೆನ್ನಾಗಿದ್ದು, ಎದೆ, ಹೊಟ್ಟೆ, ಮನಸ್ಸು ಸರಿಯಿದ್ದರೆ ಕುಡಿಯಿರಿ.

ನೀವು ಹೇಳಿದ ಅಧ್ಯಯನಗಳು ಕುಡಿಯುವವರನ್ನು ಗಮನಿಸಿ ಬರೆದವು, ಕುಡಿಸಿ ನೋಡಿದ್ದಲ್ಲ. ಸಕ್ಕರೆ ಕಾಯಿಲೆಯ ವಿಷಯದಲ್ಲಿ ಡಿಕ್ಯಾಫ್‌ಗೂ ಅದೇ ನಂಟು ಕಾಣುತ್ತದೆ, ಅಂದರೆ ಆ ಒಳಿತು ಕೆಫೀನಿನದ್ದು ಅಲ್ಲದಿರಬಹುದು, ಕಾಫಿಯ ಬೇರೆ ಅಂಶಗಳದ್ದು. ಬೆಳಗಿನ ಲೋಟ ಕೊಡುವ ಚುರುಕಿನಲ್ಲಿ ಎಷ್ಟು ಭಾಗ ರಾತ್ರಿಯಿಡೀ ಕಾಯ್ದ ವಿತ್‌ಡ್ರಾವಲ್ ಅನ್ನು ಶಮನ ಮಾಡಿದ್ದು ಎಂಬ ಪ್ರಶ್ನೆಯೂ ಇದೆ. ದಿನವೂ ಕುಡಿಯುವವರಲ್ಲಿ ಆ ಪಾಲು ದೊಡ್ಡದು ಎಂಬುದು ನನ್ನ ತಿಳಿವಳಿಕೆ. ಪರೀಕ್ಷಿಸಲು ದಾರಿ ಒಂದೇ: ನಿಧಾನವಾಗಿ ಇಳಿಸಿ, ಎರಡು ವಾರ ಸೊನ್ನೆಯಲ್ಲಿ ಇದ್ದು, ಆಮೇಲೆ ನಿದ್ದೆಯನ್ನೂ ಚುರುಕನ್ನೂ ಹೋಲಿಸುವುದು.

ದೂರದಓಟ
ಕ್ರೀಡೆಯವರಿಗೆ ಒಂದು ಮಾತು. ಓಟಕ್ಕೆ ಒಂದು ಗಂಟೆ ಮೊದಲು ಕೆ.ಜಿ.ಗೆ 3ರಿಂದ 6 ಮಿ.ಗ್ರಾಂ ಉಪಯೋಗಕ್ಕೆ ಬರುತ್ತದೆ. 60 ಕೆ.ಜಿ.ಯವರಿಗೆ 180ರಿಂದ 360. 9 ಮಿ.ಗ್ರಾಂಗೆ ಏರಿಸಿದರೆ ಲಾಭ ಹೆಚ್ಚುವುದಿಲ್ಲ, ನಡುಕ ಮತ್ತು ಹೊಟ್ಟೆನೋವು ಹೆಚ್ಚುತ್ತವೆ. ಕಡಿಮೆಯಿಂದ ಶುರುಮಾಡಿ, ಸ್ಪರ್ಧೆಯ ದಿನ ಮೊದಲ ಸಲ ಪ್ರಯೋಗಿಸಬೇಡಿ.

ಮುಖ್ಯವಾಗಿ, ಶುದ್ಧ ಕೆಫೀನ್ ಪುಡಿಯನ್ನು ಮನೆಗೆ ತರಲೇಬೇಡಿ. ಒಂದು ಟೀ ಚಮಚ ಪುಡಿ ಸುಮಾರು 28 ಲೋಟ ಕಾಫಿಗೆ ಸಮ ಎಂದು ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಸಿದೆ. 1,200 ಮಿ.ಗ್ರಾಂ ಒಮ್ಮೆಲೇ ಹೊಟ್ಟೆಗೆ ಹೋದರೆ ಫಿಟ್ಸ್ ಬರಬಹುದು, ಅದು ಅರ್ಧ ಚಮಚಕ್ಕಿಂತ ಕಡಿಮೆ. ಅಡುಗೆಮನೆಯ ಚಮಚದಿಂದ 200 ಮಿ.ಗ್ರಾಂ ಅಳೆಯಲು ಯಾರಿಂದಲೂ ಆಗದು. ಬಿಸಿ ಕಾಫಿಯಲ್ಲಿ ಇಷ್ಟು ಒಮ್ಮೆಲೇ ಕುಡಿಯುವುದು ಕಷ್ಟ, ಹೊಟ್ಟೆಯೇ ತಡೆಯುತ್ತದೆ. ಪುಡಿಗೆ, ಮಾತ್ರೆಗೆ ಆ ತಡೆ ಇಲ್ಲ. ತಿಂದವರಿಗೆ ವಾಂತಿ, ಎದೆಬಡಿತದ ಏರುಪೇರು, ಗೊಂದಲ ಕಂಡರೆ ಮನೆಯಲ್ಲಿ ಕಾಯದೆ ತುರ್ತು ಚಿಕಿತ್ಸೆಗೆ ಕರೆದೊಯ್ಯಿರಿ, ಡಬ್ಬಿಯನ್ನೂ ಜೊತೆಗೆ ಒಯ್ಯಿರಿ.

ಮುಂಜಾವು
ಕೊನೆಯದಾಗಿ ಒಂದು. ಆಪರೇಷನ್‌ಗೆ ಉಪವಾಸ ಇರಲು ಹೇಳುತ್ತಾರಲ್ಲ, ಆಗ ಏನು ಮಾಡುವುದು? ಅಲ್ಲಿ ಇಳಿಸಲು 36 ದಿನ ಸಿಗದು.

ವಾರ್ಡ್‌ಟಿಪ್ಪಣಿ
ಒಳ್ಳೆಯ ಪ್ರಶ್ನೆ. ಆಪರೇಷನ್ ಆದ ಮೇಲಿನ ತಲೆನೋವಿಗೆ ಒಂದು ಕಾರಣ ಕೆಫೀನ್ ತಪ್ಪಿದ್ದೇ. ಒಂದು ವಾರ ಇದ್ದರೆ ಎರಡು ದಿನಕ್ಕೊಮ್ಮೆ ಕಾಲು ಭಾಗ ಇಳಿಸಿ, 400 ಇದ್ದದ್ದು 100ಕ್ಕೆ ಬಂದರೂ ನೋವು ಬಹಳ ತಗ್ಗುತ್ತದೆ. ಸಮಯವೇ ಇಲ್ಲದಿದ್ದರೆ ಅರಿವಳಿಕೆ ವೈದ್ಯರಿಗೆ ದಿನಕ್ಕೆ ಎಷ್ಟು ಕುಡಿಯುತ್ತೀರಿ ಎಂಬುದನ್ನು ಮಿ.ಗ್ರಾಂನಲ್ಲಿ ಹೇಳಿ. ಹಾಲಿಲ್ಲದ ಕಾಫಿಯನ್ನು ಅರಿವಳಿಕೆಗೆ 2 ಗಂಟೆ ಮೊದಲಿನವರೆಗೆ ತಿಳಿಯಾದ ದ್ರವವೆಂದು ಬಿಡುವ ಪದ್ಧತಿ ಹಲವೆಡೆ ಇದೆ, ಹಾಲು ಬೆರೆತರೆ ಆ ಲೆಕ್ಕ ಹೊಂದುವುದಿಲ್ಲ. ಆದರೆ ನಿಮ್ಮ ವೈದ್ಯರು ಒಪ್ಪದೆ ಒಂದು ಗುಟುಕೂ ಬೇಡ. ಆಪರೇಷನ್ ಆಗಿ ಕುಡಿಯಲು ಬಿಟ್ಟ ಮೇಲೆ ಮೊದಲ ಲೋಟ ಅರ್ಧ ಸಾಕು.